ನೂರು ಮರ ಎಣಿಸಿ ಇಡೀ ತೋಟದ ಫಸಲು ಅಂದಾಜು ಮಾಡಿದ್ದು

ಚನ್ನಗಿರಿ ಸೀಮೆಯಲ್ಲಿ, ಭದ್ರಾ ನಾಲೆಯ ಪಕ್ಕದಲ್ಲಿ ನಮ್ಮದು ಮೂರೂವರೆ ಎಕರೆ ಅಡಿಕೆ ತೋಟ. ಪ್ರತಿ ವರ್ಷ ಕೊಯ್ಲಿಗೆ ಮೊದಲು ಖೇಣಿಯವರು, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆ ಹಿಡಿಯುವ ವ್ಯಾಪಾರಿಗಳು, ಬರುತ್ತಾರೆ. ಕತ್ತೆತ್ತಿ ನೋಡುತ್ತಾ ತೋಟದಲ್ಲಿ ಒಂದು ಸುತ್ತು ಹಾಕಿ, ಇಷ್ಟು ಕ್ವಿಂಟಾಲ್ ಹಸಿ ಅಡಿಕೆ ಆಗುತ್ತೆ ಅನ್ನುತ್ತಾರೆ. ಇಡೀ ತೋಟಕ್ಕೆ ಒಂದೇ ಮೊತ್ತ ಅಂತ ಮಾತಾದರೆ ನಮ್ಮ ವರ್ಷದ ದುಡ್ಡೆಲ್ಲ ಆ ಒಂದು ಅಂಕಿಯ ಮೇಲೆ ನಿಲ್ಲುತ್ತದೆ. ನಾನು ಪದವಿಯಲ್ಲಿ ಸಂಖ್ಯಾಶಾಸ್ತ್ರ ಓದಿದವನು. ಆ ಅಂಕಿಯನ್ನು ನಾನೇ ಯಾಕೆ ಕಂಡುಕೊಳ್ಳಬಾರದು ಅನ್ನಿಸಿತು. ಮೂರು ವರ್ಷದಿಂದ ಆ ಕೆಲಸ ಮಾಡುತ್ತಿದ್ದೇನೆ. ಮೊದಲನೇ ವರ್ಷ ಕೆಟ್ಟದಾಗಿ ತಪ್ಪಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ವರ್ಷ ಒಂದು ಬೆಳಿಗ್ಗೆ ತೋಟದ ದಾರಿ ಹಿಡಿದು ನಡೆಯುತ್ತಾ, ಕಣ್ಣಿಗೆ ಬಿದ್ದ 50 ಮರಗಳ ಗೊನೆ ಎಣಿಸಿ ಬರೆದುಕೊಂಡೆ. ಮರಕ್ಕೆ ಸರಾಸರಿ 3.6 ಗೊನೆ ಬಂತು. ಪುಸ್ತಕದಲ್ಲಿ ಓದಿದ್ದಂತೆ ಮಾನಕ ವಿಚಲನೆ (ಮರಗಳ ಎಣಿಕೆ ಸರಾಸರಿಯಿಂದ ಎಷ್ಟು ಚದುರಿದೆ ಅನ್ನುವ ಅಳತೆ) ತೆಗೆದು, 50ರ ವರ್ಗಮೂಲದಿಂದ ಭಾಗಿಸಿ, ಎರಡರಿಂದ ಗುಣಿಸಿದೆ. ದೋಷದ ಅಂತರ 0.25 ಬಂತು, ಅಂದರೆ 3.35ರಿಂದ 3.85ರೊಳಗೆ. ಇಷ್ಟು ಬಿಗಿಯಾದ ಲೆಕ್ಕ ಕಂಡು ಖುಷಿಯಾಯಿತು. ನಾಟಿ ಮಾಡಿದ್ದು 1,900 ಗಿಡ, ಗೊನೆಗೆ 3 ಕೆಜಿ ಅಂತ ಹಿಡಿದರೆ 205 ಕ್ವಿಂಟಾಲ್. ಖೇಣಿಯವರು "ಅಣ್ಣಾ, 150ರ ಮೇಲೆ ಬರಲ್ಲ" ಅಂದರು. ನಾನು ಒಪ್ಪಲಿಲ್ಲ. ಕೂಲಿ ಆಳು ಹಿಡಿದು ನಾವೇ ಕೊಯ್ಲು ಮಾಡಿಸಿದೆವು. ನಾಲ್ಕು ಕೊಯ್ಲೂ ಸೇರಿ ತೂಕಕ್ಕೆ ಬಂದದ್ದು 146 ಕ್ವಿಂಟಾಲ್.

ಆ ರಾತ್ರಿ ನೋಟ್‌ಬುಕ್ ಮುಂದಿಟ್ಟುಕೊಂಡು ಕುಳಿತೆ. ಗುಣಾಕಾರ, ಭಾಗಾಕಾರ ಎಲ್ಲ ಸರಿಯಾಗಿತ್ತು. ತಪ್ಪು ತೋಟದಲ್ಲೇ ಆಗಿತ್ತು. ನಾನು ನಡೆದ ದಾರಿ ನಾಲೆಯ ಬದಿಯದು. ಅಲ್ಲಿನ ಮರಗಳಿಗೆ ನೀರೂ ಹೆಚ್ಚು, ಬಿಸಿಲೂ ಹೆಚ್ಚು. ಹಿಂದಿನ ಸಾಲುಗಳಲ್ಲಿ ಮಳೆ ನೀರು ನಿಂತು ಬೇರು ಸೊರಗಿದ ಮರಗಳಿದ್ದವು, ಅತ್ತ ನಾನು ಹೋಗಲೇ ಇಲ್ಲ. ಗೊನೆಯೇ ಇಲ್ಲದ ಮರ ಎದುರಾದಾಗ ಇದರಲ್ಲಿ ಎಣಿಸುವುದೇನಿದೆ ಅಂತ ದಾಟಿ ಹೋಗಿದ್ದೆ. ಎಣಿಸುವುದಿತ್ತು. ಸೊನ್ನೆಯೂ ಒಂದು ಅಳತೆ, ಅದನ್ನು ಬಿಟ್ಟರೆ ಸರಾಸರಿ ತಾನಾಗಿ ಮೇಲೇರುತ್ತದೆ. ಇನ್ನು 1,900 ಅನ್ನುವುದು ಹಳೆಯ ನಾಟಿಯ ಲೆಕ್ಕ, ಅದರಲ್ಲಿ ಸತ್ತು ಹೋದ ಮರಗಳೂ ಸೇರಿದ್ದವು. ಆ 0.25 ಅಂತರಕ್ಕೆ ಇದ್ಯಾವುದೂ ಗೊತ್ತಿಲ್ಲ. ಆಯ್ಕೆಯನ್ನು ಅದೃಷ್ಟಕ್ಕೆ ಬಿಟ್ಟಾಗ ಆ ಅದೃಷ್ಟ ಎಷ್ಟು ಅತ್ತಿತ್ತ ಎಳೆಯಬಹುದು ಅನ್ನುವುದನ್ನು ಮಾತ್ರ ದೋಷದ ಅಂತರ ಹೇಳುತ್ತದೆ. ನಾನು ಅದೃಷ್ಟಕ್ಕೆ ಬಿಟ್ಟೇ ಇರಲಿಲ್ಲ, ನನ್ನ ಕಾಲಿಗೆ ಬಿಟ್ಟಿದ್ದೆ. ಖೇಣಿಯವರು ಕಣ್ಣಂದಾಜಿನವರೇ ಇರಬಹುದು, ಆದರೆ ಅವರು ಹಿಂದಿನ ಸಾಲುಗಳನ್ನೂ ಬಿಡದೆ ಸುತ್ತಿದ್ದರು.

ಎರಡನೇ ವರ್ಷ ಮೊದಲು ಪಟ್ಟಿ ಮಾಡಿದೆ. ಯಾವುದನ್ನು ಮರ ಅಂತ ಲೆಕ್ಕಕ್ಕೆ ಹಿಡಿಯಬೇಕು ಅಂತ ಮಗನೂ ನಾನೂ ತೀರ್ಮಾನಿಸಿಕೊಂಡೆವು: ನೆಟ್ಟು ಐದು ವರ್ಷ ದಾಟಿ ಇನ್ನೂ ನಿಂತಿರುವ ಪ್ರತಿಯೊಂದು ಮರ, ಫಲ ಇರಲಿ ಬಿಡಲಿ. ಪ್ರತಿ ಸಾಲಿನ ಮೊದಲ ಮರಕ್ಕೆ ಸುಣ್ಣದಲ್ಲಿ ಸಾಲಿನ ಸಂಖ್ಯೆ ಬರೆದೆವು. 46 ಸಾಲು, ಒಟ್ಟು 1,712 ಮರ. ಒಂದೊಂದು ಮರಕ್ಕೂ ಚೀಟಿ ಅಂಟಿಸಬೇಕಿಲ್ಲ. ಪ್ರತಿ ಸಾಲಿನವರೆಗಿನ ಕೂಡಿದ ಮೊತ್ತ ಬರೆದಿಟ್ಟುಕೊಂಡರೆ ಸಾಕು. 25ನೇ ಸಾಲು ಮುಗಿಯುವ ಹೊತ್ತಿಗೆ 930 ಮರ ಆಗಿದ್ದರೆ, 944ನೇ ಮರ ಅಂದರೆ 26ನೇ ಸಾಲಿನ 14ನೆಯದು.

ಆಮೇಲೆ ಚೀಟಿ. ಮೊಬೈಲ್‌ನಲ್ಲೇ ಯಾದೃಚ್ಛಿಕ ಸಂಖ್ಯೆ, ಅಂದರೆ ಯಾರೂ ಆರಿಸದೆ ತಾನಾಗಿ ಬರುವ ಸಂಖ್ಯೆ, ಸಿಗುತ್ತದೆ, ಆದರೆ ಮನೆಯವರೆಲ್ಲ ಕಣ್ಣಾರೆ ನೋಡಲಿ ಅಂತ ಚೀಟಿಯನ್ನೇ ಎತ್ತಿದೆವು. ಒಂದು ಚೊಂಬಿನಲ್ಲಿ 0 ಮತ್ತು 1, ಇನ್ನೊಂದರಲ್ಲಿ 0ಯಿಂದ 9. ಮೊದಲ ಚೊಂಬಿನಿಂದ ಒಂದು ಸಲ, ಎರಡನೆಯದರಿಂದ ಮೂರು ಸಲ, ಪ್ರತಿ ಸಲವೂ ಎತ್ತಿದ ಚೀಟಿಯನ್ನು ಮರಳಿ ಹಾಕಿ ಕಲಕಬೇಕು. ಬಂದ ನಾಲ್ಕು ಅಂಕಿ ಸೇರಿದರೆ ಒಂದು ಮರದ ಸಂಖ್ಯೆ. ಅದು ಸೊನ್ನೆಯೇ ಆದರೆ, 1,712 ದಾಟಿದರೆ, ಒಮ್ಮೆ ಬಂದದ್ದೇ ಮತ್ತೆ ಬಂದರೆ ಬಿಟ್ಟು ಮುಂದಿನದು.

ಎಷ್ಟು ಮರ ಬೇಕು? ಅದಕ್ಕೆ 15 ಮರ ನೋಡಿ ಮಾನಕ ವಿಚಲನೆ ಸುಮಾರು 1.2 ಅಂತ ತಿಳಿದುಕೊಂಡೆ. ಅಂತರ 0.25ಕ್ಕೆ ಇಳಿಯಬೇಕಾದರೆ 1.2ರ ಎರಡರಷ್ಟನ್ನು 0.25ರಿಂದ ಭಾಗಿಸಿ ವರ್ಗ ಮಾಡಬೇಕು. 93 ಬಂತು, 100 ಅಂತ ಇಟ್ಟುಕೊಂಡೆ. ಅಂತರ ಅರ್ಧವಾಗಬೇಕಾದರೆ ಮರಗಳು ನಾಲ್ಕು ಪಟ್ಟಾಗಬೇಕು, ಅಂದರೆ 400. ನೂರು ಮರ ಇಬ್ಬರಿಗೆ ಒಂದು ದಿನದ ಕೆಲಸ. 400ಕ್ಕೆ ಕೊಯ್ಲಿನ ಹೊತ್ತಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ಪಕ್ಕದ ತೋಟದವರು "ನಿಮ್ಮದು ಮೂರೂವರೆ ಎಕರೆ, ನಮ್ಮದು ಇಪ್ಪತ್ತು, ನಮಗೆ ಆರುನೂರು ಮರ ಬೇಕಾಗುತ್ತಲ್ವಾ?" ಅಂತ ಕೇಳಿದರು. ಬೇಡ. ಮರದಿಂದ ಮರಕ್ಕೆ ವ್ಯತ್ಯಾಸ ನಮ್ಮಷ್ಟೇ ಇದ್ದರೆ ಅವರಿಗೂ ನೂರರ ಆಸುಪಾಸು ಸಾಕು. ಅನ್ನ ಬೆಂದಿದೆಯೇ ಅಂತ ನೋಡಲು ಒಂದು ಅಗುಳು ಸಾಕು ಅನ್ನುವ ಮಾತು ಹಂಡೆಗೂ ಸಲ್ಲುತ್ತದೆ, ಚಿಕ್ಕ ಪಾತ್ರೆಗೂ ಸಲ್ಲುತ್ತದೆ. ಆದರೆ ಅನ್ನವನ್ನು ಸೌಟಿನಿಂದ ತಿರುವಬಹುದು, ತೋಟವನ್ನು ತಿರುವಲಾಗದು. ಚೊಂಬಿನಲ್ಲಿ ಚೀಟಿ ಕಲಕುವುದು ಅದಕ್ಕೇ.

ಕಷ್ಟ ಇರುವುದು ಚೀಟಿ ಹೇಳಿದ ಮರಕ್ಕೇ ಹೋಗುವುದರಲ್ಲಿ. 41ನೇ ಸಾಲಿನ ಒಂದು ಮರದ ಬುಡದಲ್ಲಿ ಮೊಣಕಾಲಿನವರೆಗೆ ಕೆಸರು, ಪಕ್ಕದಲ್ಲಿ ಕಣಜದ ಗೂಡು. "ಅಪ್ಪಾಜಿ, ಇದು ಬಿಡಿ, ಅದರಾಚೆಯದನ್ನ ಬರೆಯೋಣ" ಅಂದ ಮಗ. ನಾವು ಬಿಡಲಿಲ್ಲ. ಕಷ್ಟದ ಜಾಗದ ಮರಗಳೇ ಸೊರಗಿದ ಮರಗಳೂ ಆಗಿರುತ್ತವೆ. ಒಂದೊಂದನ್ನೇ ಬಿಡುತ್ತಾ ಹೋದರೆ ಕೊನೆಗೆ ನಾಲೆಯ ದಾರಿಗೇ ಬಂದು ನಿಲ್ಲುತ್ತೇವೆ. ದೂರ ನಿಂತು ಎಣಿಸಿದೆವು, ಆ ಮರದಲ್ಲಿ ಇದ್ದದ್ದು ಒಂದೇ ಗೊನೆ. ನೂರರಲ್ಲಿ ಆರು ಮರಗಳಿಗೆ ಸೊನ್ನೆ ಬರೆದೆವು.

ಈ ಬಗೆಯ ಜಾರುವಿಕೆ ದೊಡ್ಡವರ ಕೆಲಸದಲ್ಲೂ ಕಂಡಿದೆ. ಸಂಖ್ಯಾಶಾಸ್ತ್ರಜ್ಞ ಪಿ. ವಿ. ಸುಖಾತ್ಮೆ ಅವರು 1940ರ ದಶಕದಲ್ಲಿ ಬೆಳೆ ಕಟಾವು ಪ್ರಯೋಗಗಳನ್ನು (ಹೊಲದ ಒಂದು ತಾಕು ಕೊಯ್ದು ತೂಗಿ ಇಳುವರಿ ಅಂದಾಜು ಮಾಡುವುದು) ಪರೀಕ್ಷಿಸಿ, ತುಂಬ ಸಣ್ಣ ತಾಕು ಕೊಯ್ದರೆ ಇಳುವರಿ ಇರುವುದಕ್ಕಿಂತ ಹೆಚ್ಚು ಬರುತ್ತದೆ ಅಂತ ತೋರಿಸಿದರು. ಅಂಚಿನಲ್ಲಿರುವ ಪೈರು ಒಳಗೋ ಹೊರಗೋ ಅನ್ನುವಾಗ ಕೊಯ್ಯುವವರ ಕೈ ಅದನ್ನು ಒಳಗೆ ಸೇರಿಸಿಕೊಳ್ಳುವ ಕಡೆಗೇ ವಾಲುತ್ತದೆ. ತಾಕು ಸಣ್ಣದಾದಷ್ಟೂ ಅಂಚಿನ ಪಾಲು ದೊಡ್ಡದು. ಬೇಕೆಂದು ಮಾಡಿದ್ದಲ್ಲ, ಆದರೂ ತಪ್ಪು ಪ್ರತಿ ಸಲವೂ ಒಂದೇ ದಿಕ್ಕಿಗೆ. ಸಾವಿರ ತಾಕು ಕೊಯ್ದರೂ ಅದು ಸವೆಯುವುದಿಲ್ಲ.

ಇನ್ನೊಂದು ಉಪಾಯವನ್ನು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಲನೋಬಿಸ್ ಅವರಿಂದ ಕಲಿತೆ. ಬಂಗಾಳದಲ್ಲಿ ಸೆಣಬಿನ ಬೆಳೆ ಅಂದಾಜು ಮಾಡುವ ಸಮೀಕ್ಷೆಗಳನ್ನು ನಡೆಸಿದ ಅವರು, ಮಾದರಿಯನ್ನು, ಅಂದರೆ ಅಳೆಯಲು ಆರಿಸಿಕೊಂಡ ಭಾಗವನ್ನು, ಪಾಲು ಮಾಡಿ ಬೇರೆ ಬೇರೆ ತಂಡಗಳಿಗೆ ಸ್ವತಂತ್ರವಾಗಿ ಅಳೆಯಲು ಕೊಡುವ ಪದ್ಧತಿ ತಂದರು. ನಾವೂ ನೂರು ಮರಗಳನ್ನು ಚೀಟಿಯಲ್ಲೇ ಎರಡು ಪಾಲು ಮಾಡಿ, 50 ನನಗೆ, 50 ಮಗನಿಗೆ ಅಂತ ಹಂಚಿಕೊಂಡೆವು. ಹೊರಡುವ ಮೊದಲು ಹತ್ತು ಮರ ಒಟ್ಟಿಗೆ ಎಣಿಸಿ ನೋಡಿದ್ದು ಒಳ್ಳೆಯದಾಯಿತು. ಹಿಂಗಾರ (ಅಡಿಕೆಯ ಹೂಗೊಂಚಲು) ಒಣಗಿ ನಾಲ್ಕೇ ಕಾಯಿ ಉಳಿದದ್ದನ್ನೂ ಅವನು ಗೊನೆ ಅಂತ ಎಣಿಸುತ್ತಿದ್ದ, ನಾನು ಬಿಡುತ್ತಿದ್ದೆ. ಇಪ್ಪತ್ತು ಕಾಯಿಗಿಂತ ಕಡಿಮೆ ಇದ್ದರೆ ಗೊನೆಯಲ್ಲ ಅಂತ ನಿಯಮ ಮಾಡಿಕೊಂಡೆವು. ಸಂಜೆ ನನ್ನ ಸರಾಸರಿ 2.70, ಅವನದು 2.82. ಇಷ್ಟು ವ್ಯತ್ಯಾಸ ಚೀಟಿಯಿಂದಲೇ ಬರಬಹುದಾದದ್ದು, ಹಾಗಾಗಿ ನಿಶ್ಚಿಂತೆಯಿಂದ ಸೇರಿಸಿದೆವು: 2.76. ಮಾನಕ ವಿಚಲನೆ 1.25. ಅಂತರ 0.25, ಇರುವುದೇ 1,712 ಮರ ಅನ್ನುವುದನ್ನು ಗಣನೆಗೆ ತಂದರೆ 0.24. ಒಟ್ಟು ಸುಮಾರು 4,725 ಗೊನೆ, ಅತ್ತ ಇತ್ತ 410.

ಇನ್ನು ತೂಕ. ಹಿಂದಿನ ವರ್ಷ ಬಾಯಿಮಾತಿಗೆ 3 ಕೆಜಿ ಅಂದುಬಿಟ್ಟಿದ್ದೆ. ಈ ಸಲ ಮೊದಲ ಕೊಯ್ಲನ್ನು ನಾವೇ ಮಾಡಿಸಿ, ಮಾದರಿಯ ಮರಗಳಲ್ಲಿ 36ರಿಂದ ಒಂದೊಂದು ಗೊನೆಯನ್ನು ದೋಟಿಯಲ್ಲಿ ಇಳಿಸಿ ತೂಗಿದೆವು. ಸರಾಸರಿ 3.1 ಕೆಜಿ, ಅಂತರ 0.39. ಇಲ್ಲಿ ನನಗೆ ಗಾಬರಿಯಾಯಿತು. ಗೊನೆಯ ಎಣಿಕೆಯಲ್ಲಿ ಅಂತರ ಶೇ. 8.7, ತೂಕದಲ್ಲಿ ಶೇ. 12.6. ಎರಡನ್ನೂ ಗುಣಿಸಿದಾಗ ಅಂತರಗಳನ್ನು ಸುಮ್ಮನೆ ಕೂಡಿಸುವಂತಿಲ್ಲ, ಏಕೆಂದರೆ ಎರಡೂ ಒಮ್ಮೆಗೇ ಒಂದೇ ಕಡೆಗೆ ಪೂರ್ತಿ ವಾಲುವುದು ಅಪರೂಪ. ವರ್ಗ ಮಾಡಿ, ಕೂಡಿ, ವರ್ಗಮೂಲ ತೆಗೆಯಬೇಕು. ಹಾಗೆ ಮಾಡಿದರೂ ಶೇ. 15 ದಾಟಿತು. ಇನ್ನೂ ಮರ ಎಣಿಸಿ ಪ್ರಯೋಜನ ಕಡಿಮೆ, ಸಡಿಲ ಇದ್ದದ್ದು ತೂಕದ ಕಡೆ. ಮರುದಿನ ಮತ್ತೆ 45 ಗೊನೆ ತೂಗಿದೆವು. ಒಟ್ಟು 81 ಗೊನೆಗೆ ಸರಾಸರಿ 3.0 ಕೆಜಿ, ಅಂತರ 0.26. ಇದೂ ಶೇ. 8.7ಕ್ಕೆ ಬಂತು. ಗುಣಿಸಿದರೆ 142 ಕ್ವಿಂಟಾಲ್, ಅತ್ತ ಇತ್ತ 17 ಚಿಲ್ಲರೆ. ಅಂದರೆ 124ರಿಂದ 159.

ಈ 124–159ರ ಅರ್ಥ ಮಗನಿಗೆ ಬಿಡಿಸಿ ಹೇಳಬೇಕಾಯಿತು. ಎರಡರಿಂದ ಗುಣಿಸಿ ತೆಗೆದ ಅಂತರಕ್ಕೆ ಶೇ. 95ರ ಭರವಸೆ ಅನ್ನುತ್ತಾರೆ, ಹಾಗೆಂದರೆ ನೂರಕ್ಕೆ 95 ಮರಗಳು ಇದರೊಳಗೆ ಬರುತ್ತವೆ ಅಂತಲ್ಲ. ಇದೇ ತೋಟದಲ್ಲಿ ನೂರು ಸಲ ಹೊಸದಾಗಿ ಚೀಟಿ ಎತ್ತಿ ನೂರು ಇಂಥ ವ್ಯಾಪ್ತಿ ಮಾಡಿದರೆ, ಅವುಗಳಲ್ಲಿ ಸುಮಾರು 95ರೊಳಗೆ ನಿಜವಾದ ಫಸಲು ಸಿಗುತ್ತದೆ. ನಮ್ಮ ಕೈಗೆ ಬಂದದ್ದು ಆ 95ರಲ್ಲಿ ಒಂದೋ, ಉಳಿದ ಐದರಲ್ಲಿ ಒಂದೋ, ಕೊಯ್ಲು ಮುಗಿಯುವ ತನಕ ಹೇಳಲಾಗದು. ಜೊತೆಗೆ ಮುಂದಿನ ಕೊಯ್ಲಿನ ಗೊನೆಗಳೂ ಮೊದಲ ಕೊಯ್ಲಿನಷ್ಟೇ ತೂಗುತ್ತವೆ ಅಂತ ನಾನು ನಂಬಿಕೊಂಡಿದ್ದೆ. ಆ ನಂಬಿಕೆ ತಪ್ಪಾದರೆ ಅದು 17ರ ಹೊರಗಿನ ತಪ್ಪು. ನೋಟ್‌ಬುಕ್ಕಿನಲ್ಲಿ ಅದನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟೆ.

ಖೇಣಿಯವರು ಬಂದು 135 ಅಂದರು. ನನ್ನದು 142. ಹಿಂದಿನ ವರ್ಷದ ನಾನಾಗಿದ್ದರೆ ಏಳು ಕ್ವಿಂಟಾಲಿಗೆ ಜಗಳ ಆಡುತ್ತಿದ್ದೆ. ಈಗ ಅವರ 135 ನನ್ನ ವ್ಯಾಪ್ತಿಯ ಒಳಗೇ ಇದೆ. ಅದು ತಪ್ಪು ಅನ್ನಲು ನನ್ನಲ್ಲಿ ಆಧಾರವಿರಲಿಲ್ಲ. 110 ಅಂದಿದ್ದರೆ ಖಂಡಿತ ಬೇಡ ಅನ್ನುತ್ತಿದ್ದೆ. ನೋಟ್‌ಬುಕ್ ತೋರಿಸಿ, ಇಬ್ಬರಿಗೂ ಇಷ್ಟು ಅನಿಶ್ಚಿತ ಇರುವಾಗ ಒಂದೇ ಮೊತ್ತದ ಮಾತು ಯಾಕೆ, ತೂಕದ ಮೇಲೆ ಹೋಗೋಣ ಅಂದೆ. ಅವರು ಸೊನ್ನೆ ಬರೆದ ಆರು ಮರಗಳ ಪುಟವನ್ನು ಸ್ವಲ್ಪ ಹೊತ್ತು ನೋಡಿ, "ಇದನ್ನೂ ಬರ್ದೀರಲ್ಲಾ ಅಣ್ಣಾ" ಅಂತ ಒಪ್ಪಿದರು. ಕೊನೆಯ ಕೊಯ್ಲಿನ ತೂಕದ ಚೀಟಿಯೂ ಸೇರಿ 149 ಕ್ವಿಂಟಾಲ್ ಆಯಿತು.

ಈ ವರ್ಷ ಒಂದು ಬದಲಾವಣೆ ಮಾಡಿದ್ದೇನೆ. ನಾಲೆ ಕಡೆಯ 12 ಸಾಲು ಒಂದು ಗುಂಪು, ಹಿಂದಿನ 34 ಸಾಲು ಇನ್ನೊಂದು. ಮರಗಳ ಪ್ರಮಾಣಕ್ಕೆ ತಕ್ಕಂತೆ ಮೊದಲನೆಯದರಿಂದ 26, ಎರಡನೆಯದರಿಂದ 74, ಎರಡಕ್ಕೂ ಬೇರೆ ಬೇರೆ ಚೀಟಿ. ಇದರಿಂದ 0.24 ಇದ್ದ ಅಂತರ 0.22ರ ಹತ್ತಿರ ಬರಬಹುದು ಅಂತ ಲೆಕ್ಕ ಹಾಕಿದ್ದೇನೆ, ಲಾಭ ಸಣ್ಣದೇ. ಆದರೆ ಚೀಟಿಯ ಅದೃಷ್ಟದಲ್ಲಿ ನೂರೂ ಮರ ನಾಲೆ ಕಡೆಗೇ ವಾಲುವ ಭಯ ಇಲ್ಲ. ತೂಕಕ್ಕೆ ಈ ಸಲ ಎರಡನೇ ಕೊಯ್ಲಿನಿಂದಲೂ 40 ಗೊನೆ ಇಳಿಸುತ್ತೇವೆ, ಕೆಂಪು ಪೆನ್ನಿನಲ್ಲಿ ಬರೆದದ್ದನ್ನು ಪರೀಕ್ಷಿಸಬೇಕು. ಪಕ್ಕದ ತೋಟದವರು ತಮ್ಮ ಇಪ್ಪತ್ತು ಎಕರೆಯ ಸಾಲುಗಳಿಗೆ ಸುಣ್ಣ ಹಚ್ಚಲು ಶುರು ಮಾಡಿದ್ದಾರೆ. ಭಾನುವಾರ ನಮ್ಮ ಎರಡೂ ಚೊಂಬು ಅಲ್ಲಿಗೆ ಹೋಗುತ್ತವೆ.