ಫಾಲ್ಸ್ ಸೀಲಿಂಗ್ ಬೇಡವೆಂದೆವು

ಜಯನಗರದ ನಮ್ಮ ಫ್ಲ್ಯಾಟು 1980ರ ದಶಕದ್ದು. ಲಿಫ್ಟ್ ಇಲ್ಲದ ಮೂರು ಮಹಡಿಯ ಕಟ್ಟಡ, ನಮ್ಮ ಮನೆ 620 ಚದರ ಅಡಿ. ನವೀಕರಣಕ್ಕೆಂದು ನೋಡಲು ಬಂದ ಒಳಾಂಗಣ ವಿನ್ಯಾಸಕರೆಲ್ಲ ಮೊದಲು ಎತ್ತಿದ ಮಾತು ಫಾಲ್ಸ್ ಸೀಲಿಂಗ್, ಅಂದರೆ ಸೂರಿನ ಕೆಳಗೆ ಇನ್ನೊಂದು ಅಲಂಕಾರದ ಸೂರು. ಚಿಕ್ಕ ಮನೆಗೆ ಹತ್ತಡಿಯ ಸೂರೇ ದೊಡ್ಡ ಆಸ್ತಿ. ಅದರಲ್ಲಿ ಅರ್ಧ ಅಡಿಯನ್ನು ಜಿಪ್ಸಮ್ಮಿಗೆ ಒಪ್ಪಿಸಲು ನನಗಂತೂ ಮನಸ್ಸಾಗಲಿಲ್ಲ. ಆ ದುಡ್ಡನ್ನು ವೈರಿಂಗಿಗೂ ಕೊಳಾಯಿಗೂ ಹಾಕಿದೆವು.

ಹಳೆಯ ಪ್ಲಗ್ಗುಗಳಿಗೆ ಅರ್ತಿಂಗೇ ಇರಲಿಲ್ಲ. ಎಲ್ಲ ಕಡೆ ಹೊಸ ತಾಮ್ರದ ತಂತಿ ಎಳೆಸಿ, ಗೀಸರಿಗೆ 4 ಚದರ ಮಿಲಿಮೀಟರಿನದು ಹಾಕಿಸಿ, ಶಾಕ್ ತಡೆಯಲು ಕರೆಂಟು ಸೋರಿದರೆ ತಾನೇ ಕಡಿದುಹಾಕುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ಚು ಕೂರಿಸಿದೆವು. ತುಕ್ಕು ಹಿಡಿದ ಜಿಐ (ಸತು ಲೇಪದ ಕಬ್ಬಿಣ) ಪೈಪುಗಳ ಜಾಗಕ್ಕೆ ಸಿಪಿವಿಸಿ ಪ್ಲಾಸ್ಟಿಕ್ ಪೈಪು ಬಂತು. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಕೂರಿಸುವ ಮೊದಲು ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಯವರ ಸೂರಿನಲ್ಲಿ ತೇವ ಕಾಣುತ್ತದೆಯೇ ಎಂದು ನೋಡಿಕೊಂಡೆವು.

ಹಾಲಿನಲ್ಲಿ ಹಿಂದಿನವರು ಅಂಟಿಸಿದ್ದ ವಿನೈಲ್ ಹಾಳೆ ಕಿತ್ತಾಗ ಅಡಿಯಲ್ಲಿ ರೆಡ್ ಆಕ್ಸೈಡ್ ನೆಲ ಸಿಕ್ಕಿತು! ಅಲ್ಲಲ್ಲಿ ಬಿರುಕು, ಮೇಲೆಲ್ಲ ಗೋಂದಿನ ಕಲೆ. ವಯಸ್ಸಾದ ಗಾರೆ ಕೆಲಸದವರೊಬ್ಬರು ಸಿಮೆಂಟಿಗೆ ಕೆಂಪು ಪುಡಿ ಕಲಸಿ, ನೇರವಾಗಿ ಬಿರುಕಿಗೆ ತುಂಬದೆ, ಒಡೆದ ಟೈಲ್ಸಿನ ಚೂರುಗಳ ಮೇಲೆ ಬೇರೆ ಬೇರೆ ಹದದಲ್ಲಿ ಬಳಿದಿಟ್ಟರು. “ಹಸಿಯಲ್ಲಿ ನೋಡಬೇಡಿ ಸಾರ್, ಒಣಗಿದರೆ ಬಣ್ಣ ತಿಳಿಯಾಗುತ್ತದೆ” ಎಂದರು. ಒಣಗಿದವುಗಳಲ್ಲಿ ನೆಲಕ್ಕೆ ಹೊಂದಿದ್ದನ್ನು ಆರಿಸಿ ತುಂಬಿ, ಉಜ್ಜಿ, ಮೇಣದ ಪಾಲಿಶ್ ಕೊಟ್ಟರು. ತೇಪೆ ಗುರುತಾಗುತ್ತದೆ, ಆಗಲಿ. ಈ ಹೊಳಪನ್ನು ಹೊಸ ವಿಟ್ರಿಫೈಡ್ ಟೈಲ್ಸಿನಲ್ಲಿ ನಾನು ಕಂಡಿಲ್ಲ.

ಅಡುಗೆಮನೆಯ ಗೋಡೆ ತೆಗೆಯಬೇಕೆಂಬ ಆಸೆ ಮನೆಯವಳದು. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ, ಅದು ನಾಲ್ಕೂವರೆ ಇಂಚಿನ ಅಡ್ಡಗೋಡೆ, ಭಾರ ಹೊರುವುದಲ್ಲ ಎಂದರು. ಆದರೂ ಪೂರ್ತಿ ಕೆಡವಲಿಲ್ಲ. ಒಗ್ಗರಣೆಯ ಹೊಗೆ ಸೋಫಾದವರೆಗೆ ಬರುವುದು ಯಾರಿಗೆ ಬೇಕು? ಕಟ್ಟೆಯ ಮೇಲ್ಮಟ್ಟದಲ್ಲಿ ಕಿಟಕಿಯಷ್ಟು ಕತ್ತರಿಸಿ, ಮೇಲಿನ ಗೋಡೆಯ ಭಾರ ಹೊರಲು ಲಿಂಟಲ್ ಎಂಬ ಅಡ್ಡತೊಲೆ ಕೊಟ್ಟು, ಕೆಳಗೆ ಕಡಪ ಕಲ್ಲು ಕೂರಿಸಿದೆವು. ಹಾಲಿಗೆ ಪೂರ್ವದ ಬೆಳಕು ಬಂತು, ತಿಂಡಿಗೆ ಮೇಜೂ ಆಯಿತು.

ಸಿಂಕಿನ ಕೆಳಗಿನ ಕಪಾಟಿಗೆ ಮಾತ್ರ ನೀರು ತಾಳುವ, ಐಎಸ್ 710 ಮುದ್ರೆಯ ಪ್ಲೈವುಡ್. ಮಲಗುವ ಕೋಣೆಯ ವಾರ್ಡ್‌ರೋಬಿಗೆ ಜಾರುವ ಬಾಗಿಲು, ಸೂರಿನವರೆಗೂ ಎತ್ತರ. ಮೇಲಿನ ಖಾನೆಗೆ ಹಾಸಿಗೆ, ಸೂಟ್‌ಕೇಸು. ಗೋಡೆಗಳಿಗೆಲ್ಲ ಒಂದೇ ಮಾಸಲು ಬಿಳಿ, ಸೂರಿನ ಅಂಚಿನಿಂದ ನೆಲ ಮುಟ್ಟುವ ಪರದೆ, 3000 ಕೆಲ್ವಿನ್‌ನ ಹಳದಿ ಬೆಳಕಿನ ಎಲ್‌ಇಡಿ. ದೊಡ್ಡ ಕನ್ನಡಿ ಹಾಕಿದರೆ ಮನೆ ದುಪ್ಪಟ್ಟು ಕಾಣುತ್ತದೆ ಎನ್ನುತ್ತಾರೆ. ನಮ್ಮಲ್ಲಿ ದುಪ್ಪಟ್ಟು ಕಾಣುವುದು ಎದುರುಮನೆಯವರ ಬಟ್ಟೆ ಒಣಗುವ ತಂತಿ.

ಲಿಫ್ಟ್ ಇಲ್ಲದ ಕಟ್ಟಡವಾದರೆ ಮರಳು ಹತ್ತಿಸುವ, ಒಡೆದ ಗಾರೆ ಇಳಿಸುವ ಕೂಲಿಯನ್ನು ಅಂದಾಜುಪಟ್ಟಿಯಲ್ಲಿ ಮೊದಲೇ ಬೇರೆಯಾಗಿ ಬರೆಸಿಕೊಳ್ಳಿ. ನಮಗೆ ಅದು ಬಣ್ಣದ ಖರ್ಚನ್ನೂ ಮೀರಿತು.