ಪತ್ತೇದಾರಿ ಸರಣಿಯಲ್ಲಿ ಕಂಟಿನ್ಯುಟಿ ತಪ್ಪುಗಳ ಹುಡುಕಾಟ: ‘ಕೊಲಂಬೊ’ ನೋಡುತ್ತ ರೂಢಿಸಿಕೊಂಡ ಕ್ರಮ

ಒಂದು ಶಾಟ್‌ನಲ್ಲಿ ಮೇಜಿನ ಬಲತುದಿಯಲ್ಲಿದ್ದ ಲೋಟ ಮುಂದಿನ ಶಾಟ್‌ನಲ್ಲಿ ಎಡತುದಿಗೆ ಬಂದಿದ್ದರೆ, ಕೌಟುಂಬಿಕ ಧಾರಾವಾಹಿಯಲ್ಲಿ ಅದನ್ನು ಕಂಟಿನ್ಯುಟಿ ತಪ್ಪೆಂದು, ಅಂದರೆ ಶಾಟ್‌ನಿಂದ ಶಾಟ್‌ಗೆ ಇರಬೇಕಾದ ಹೊಂದಿಕೆ ತಪ್ಪಿದೆಯೆಂದು, ಗುರುತು ಹಾಕಿಕೊಂಡು ಮುಂದೆ ಹೋಗಬಹುದು. ಕೊಲೆಯ ಕಥೆಯಲ್ಲಿ ಅದೇ ಲೋಟ ಸಾಕ್ಷ್ಯವೂ ಆಗಿರಬಹುದಾದ್ದರಿಂದ, ಚಿತ್ರತಂಡದ ಕಣ್ತಪ್ಪು ಯಾವುದು, ಕಥೆಗಾರರು ಬೇಕೆಂದೇ ಇಟ್ಟ ಸುಳಿವು ಯಾವುದು ಎಂದು ಬೇರ್ಪಡಿಸುವುದೇ ಇಲ್ಲಿನ ನಿಜವಾದ ಕೆಲಸ. ನಾನು ಇದನ್ನು ಕಲಿತದ್ದು ಅಮೆರಿಕದ ‘ಕೊಲಂಬೊ’ ಸರಣಿಯಿಂದ. ರಿಚರ್ಡ್ ಲೆವಿನ್ಸನ್ ಮತ್ತು ವಿಲಿಯಂ ಲಿಂಕ್ ಸೃಷ್ಟಿಸಿದ, ಪೀಟರ್ ಫಾಕ್ ಪತ್ತೇದಾರ ಕೊಲಂಬೊ ಆಗಿ ನಟಿಸಿದ ಈ ಸರಣಿ 1971ರಿಂದ 1978ರವರೆಗೆ ಎನ್‌ಬಿಸಿಯಲ್ಲಿ, ಮತ್ತೆ 1989ರಿಂದ 2003ರವರೆಗೆ ಎಬಿಸಿಯಲ್ಲಿ ಪ್ರಸಾರವಾಯಿತು. ಬಹುತೇಕ ಕಂತುಗಳಲ್ಲಿ ಕೊಲೆ ಮೊದಲೇ ನಮ್ಮ ಕಣ್ಣೆದುರು ನಡೆದುಹೋಗುತ್ತದೆ. ಕೊಲಂಬೊ ಆ ಕೋಣೆಗೆ ಕಾಲಿಡುವ ಹೊತ್ತಿಗೆ ದೀಪ, ಫೋನು, ಕುರ್ಚಿ ಎಲ್ಲೆಲ್ಲಿದ್ದವು ಎಂಬುದು ನಮಗೆ ಗೊತ್ತಿರುತ್ತದೆ. ಹೋಲಿಸಿ ನೋಡಲು ಇದಕ್ಕಿಂತ ಅನುಕೂಲವಾದ ಸರಣಿ ನನಗೆ ಸಿಕ್ಕಿಲ್ಲ.

ಮೊದಲ ಸಲ ನಾನು ಕಂತನ್ನು ಕಥೆಗಾಗಿಯೇ ನೋಡುತ್ತೇನೆ, ಟಿಪ್ಪಣಿ ಬರೆಯುವುದಿಲ್ಲ. ಎರಡನೆಯ ಸಲ ಧ್ವನಿಯನ್ನು ಪೂರ್ತಿ ಮುಚ್ಚಿಬಿಡುತ್ತೇನೆ, ಏಕೆಂದರೆ ಮಾತು ಕೇಳುತ್ತಿರುವಷ್ಟು ಹೊತ್ತು ಕಣ್ಣು ಮಾತನಾಡುವವರ ಮುಖಕ್ಕೇ ಅಂಟಿಕೊಂಡಿರುತ್ತದೆ. ಧ್ವನಿ ನಿಂತೊಡನೆ ಕೈಗಳು, ಮೇಜು, ಹಿಂದಿನ ಗೋಡೆ ಕಾಣತೊಡಗುತ್ತವೆ. ಶಾಟ್ ಬದಲಾಗುವ ಕಡೆ ನಿಲ್ಲಿಸಿ, ಹಿಂದಿನದರ ಕೊನೆಯ ಫ್ರೇಮನ್ನೂ ಮುಂದಿನದರ ಮೊದಲ ಫ್ರೇಮನ್ನೂ ಹೋಲಿಸುತ್ತೇನೆ. ಒಂದೇ ಕ್ಯಾಮೆರಾದಲ್ಲಿ ಚಿತ್ರಿಸುವಾಗ ಇಡೀ ದೃಶ್ಯವನ್ನು ಮೊದಲು ದೂರದಿಂದ ತೆಗೆದು, ಆಮೇಲೆ ಬೆಳಕು ಬದಲಿಸಿ ಒಬ್ಬೊಬ್ಬರ ಕ್ಲೋಸ್‌ಅಪ್ ತೆಗೆಯುವುದು ವಾಡಿಕೆ; ಪರದೆಯ ಮೇಲೆ ಒಂದು ಕ್ಷಣವೆನಿಸುವ ಎರಡು ಶಾಟ್‌ಗಳ ನಡುವೆ ಸೆಟ್ಟಿನಲ್ಲಿ ಗಂಟೆಗಳೇ ಕಳೆದಿರಬಹುದು. ಹಾಗಾಗಿ ಸವೆಯುವ, ಕರಗುವ ವಸ್ತುಗಳನ್ನು ಮೊದಲು ನೋಡಬೇಕು: ಸಿಗಾರಿನ ಉದ್ದ, ಪಾನೀಯದ ಮಟ್ಟ, ಮೇಣದಬತ್ತಿ, ಕಿಟಕಿಯಿಂದ ಬೀಳುವ ನೆರಳು. ಕೊಲಂಬೊನ ಕೈಯಲ್ಲಿ ಸಿಗಾರು ಇದ್ದೇ ಇರುವುದರಿಂದ ನನಗೆ ಅದೇ ಗಡಿಯಾರ.

ಕಂತು ಮುಗಿಯುವವರೆಗೆ ಯಾವುದನ್ನೂ ತಪ್ಪೆಂದು ದಾಖಲಿಸಬಾರದು ಎಂಬ ನಿಯಮವನ್ನು ನಾನು ಕಟ್ಟುನಿಟ್ಟಾಗಿ ಪಾಲಿಸುತ್ತೇನೆ. 1974ರ ‘ಆ್ಯನ್ ಎಕ್ಸರ್‌ಸೈಜ್ ಇನ್ ಫೇಟಾಲಿಟಿ’ ಕಂತು ಇದಕ್ಕೆ ಒಳ್ಳೆಯ ನಿದರ್ಶನ. ವ್ಯಾಯಾಮಶಾಲೆಗಳ ಒಡೆಯನೊಬ್ಬ ಕೊಲೆ ಮಾಡಿ, ಸತ್ತವನು ಕಸರತ್ತು ಮಾಡುವಾಗಲೇ ಅಪಘಾತವಾಯಿತೆಂದು ತೋರಿಸಲು ಶವದ ಉಡುಪು ಬದಲಿಸಿ ಬೂಟು ತೊಡಿಸುತ್ತಾನೆ. ನಮ್ಮ ಬೂಟಿನ ಲೇಸನ್ನು ನಾವೇ ಕಟ್ಟಿಕೊಂಡಾಗ ಕುಣಿಕೆ ಬೀಳುವ ದಿಕ್ಕೇ ಬೇರೆ, ಎದುರು ಕುಳಿತವರು ಕಟ್ಟಿದಾಗ ಬೀಳುವ ದಿಕ್ಕೇ ಬೇರೆ. ಕೊಲೆಗಾರ ಸಿಕ್ಕಿಬೀಳುವುದು ಈ ಕುಣಿಕೆಯಿಂದಲೇ. ಲೇಸು ತಿರುವುಮುರುವಾದದ್ದನ್ನು ಅವಸರದಲ್ಲಿ ಚಿತ್ರತಂಡದ ತಪ್ಪೆಂದು ಬರೆದುಕೊಂಡವರು ಇಡೀ ಕಥೆಯ ಕೀಲನ್ನೇ ತಪ್ಪಿನ ಪಟ್ಟಿಗೆ ಸೇರಿಸಿದಂತಾಗುತ್ತದೆ.

ಅದೇ ವರ್ಷದ ‘ನೆಗೆಟಿವ್ ರಿಯಾಕ್ಷನ್’ ಕಂತಿನಲ್ಲಿ ಕೊಲಂಬೊ ಒಂದು ಫೋಟೋವನ್ನು ಎಡಬಲ ಅದಲುಬದಲಾಗುವಂತೆ ಮುದ್ರಿಸುತ್ತಾನೆ. ಎರಡು ಗಂಟೆ ತೋರುತ್ತಿದ್ದ ಗಡಿಯಾರ ಹತ್ತು ತೋರುತ್ತದೆ. ಸಂಕಲನದ ಮೇಜಿನ ಮೇಲೂ ಇದೇ ನಡೆಯುವುದುಂಟು. ಪಾತ್ರಗಳ ನೋಟದ ದಿಕ್ಕು ಹೊಂದದಿದ್ದಾಗ ಸಂಕಲನಕಾರರು ಶಾಟನ್ನು ಮಗುಚಿ ಬಳಸುತ್ತಾರೆ. ಅಂಗಡಿ ಬೋರ್ಡಿನ ಅಕ್ಷರ, ಅಂಗಿಯ ಗುಂಡಿಯ ಬದಿ, ಬೈತಲೆ, ಕಾರಿನ ಸ್ಟೀರಿಂಗ್ ಇರುವ ಕಡೆ, ಇವು ಅದನ್ನು ಬಯಲು ಮಾಡುತ್ತವೆ. ಫಾಕ್ ಬಾಲ್ಯದಲ್ಲೇ ಬಲಗಣ್ಣು ಕಳೆದುಕೊಂಡು ಕೃತಕ ಕಣ್ಣು ಧರಿಸುತ್ತಿದ್ದರು. ಅವರ ಹತ್ತಿರದ ಶಾಟ್‌ಗಳಲ್ಲಿ ಆ ಕಣ್ಣು ಎಡಬದಿಗೆ ಬಂದಿದೆಯೇ ಎಂದೂ ನಾನು ನೋಡುತ್ತೇನೆ; ಬಂದಿದ್ದರೆ ಶಾಟ್ ಮಗುಚಿದೆ ಎಂದರ್ಥ.

ಕೆಲವು ವ್ಯತ್ಯಾಸಗಳನ್ನು ನಾನು ತಪ್ಪಿನ ಪಟ್ಟಿಗೆ ಸೇರಿಸದೆ ಪ್ರತ್ಯೇಕವಾಗಿ ಇಡುತ್ತೇನೆ. ಕೊಲಂಬೊನ ಹಳೆಯ ಪ್ಯೂಜೋ 403 ಕಾರಿನ ನಂಬರ್ ಎಪ್ಪತ್ತರ ದಶಕದಲ್ಲಿ 044 ಎಪಿಡಿ. ಎಬಿಸಿ ಕಾಲದ ಕಂತುಗಳಲ್ಲಿ 448 ಡಿಬಿಝೆಡ್. ಒಂದೇ ಕಂತಿನೊಳಗೆ ಹೀಗೆ ಬದಲಾಗಿದ್ದರೆ ತಪ್ಪು. ದಶಕ ದಾಟಿದ ಬದಲಾವಣೆಯನ್ನು ಅದರ ಸಾಲಿಗೆ ಸೇರಿಸುವುದು ನನಗೆ ಸರಿಯೆನಿಸುವುದಿಲ್ಲ. ಹಾಗೆಯೇ 1971ರ ‘ಡೆಡ್ ವೇಟ್’ ಕಂತಿನಲ್ಲಿ ಅವನ ಗುರುತಿನ ಚೀಟಿಯ ಮೇಲೆ ‘ಫ್ರ್ಯಾಂಕ್’ ಎಂಬ ಹೆಸರು ಕಾಣುತ್ತದೆ, ಆದರೆ ಸಂಭಾಷಣೆಯಲ್ಲಿ ಆ ಹೆಸರು ಬರುವುದೇ ಇಲ್ಲ. ನಿಲ್ಲಿಸಿ, ಹಿಗ್ಗಿಸಿ ನೋಡುವ ಸೌಲಭ್ಯ ಅಂದಿನ ಪ್ರೇಕ್ಷಕರಿಗೆ ಇರಲಿಲ್ಲ. ಹಳೆಯ ಪಿಕ್ಚರ್ ಟ್ಯೂಬ್ ಟಿವಿಗಳು ಚಿತ್ರದ ಅಂಚನ್ನು ಮರೆಮಾಡುತ್ತಿದ್ದುದರಿಂದ, ಇಂದಿನ ಪ್ರತಿಯ ಅಂಚಿನಲ್ಲಿ ಮೈಕು ಇಣುಕಿದರೂ ಅದನ್ನು ಅಂದಿನವರ ಅಜಾಗರೂಕತೆಯೆಂದು ಬರೆಯುವುದು ಅನ್ಯಾಯ.

ದಾಖಲಿಸುವಾಗ ಕಂತಿನ ಹೆಸರು, ನಿಮಿಷ, ಸೆಕೆಂಡು, ಎರಡೂ ಶಾಟ್‌ಗಳ ವಿವರ ಇಷ್ಟನ್ನೂ ಬರೆಯುತ್ತೇನೆ. ಯಾವ ಪ್ರತಿಯಲ್ಲಿ ನೋಡಿದ್ದು ಎಂಬುದನ್ನೂ ತಪ್ಪದೆ ನಮೂದಿಸುತ್ತೇನೆ, ಏಕೆಂದರೆ ಮರುಪ್ರಸಾರ ಮಾಡುವ ವಾಹಿನಿಗಳು ಜಾಹೀರಾತಿಗೆ ಜಾಗ ಮಾಡಲು ದೃಶ್ಯಗಳನ್ನು ಮೊಟಕುಗೊಳಿಸುವುದುಂಟು. ಆಗ ಎದ್ದು ಹೋಗಿ ಕೋಟು ತೊಟ್ಟು ಬಂದ ಭಾಗವೇ ಕತ್ತರಿಸಿಹೋಗಿ, ಕುಳಿತಲ್ಲೇ ಮೈಮೇಲೆ ಕೋಟು ಮೂಡಿದಂತೆ ಕಾಣಬಹುದು. ಅಂಥದನ್ನು ಡಿವಿಡಿಯ ಪೂರ್ಣ ಪ್ರತಿಯೊಡನೆ ತಾಳೆ ನೋಡಿದ ಮೇಲಷ್ಟೇ ಪಟ್ಟಿಗೆ ಸೇರಿಸುತ್ತೇನೆ.