ಫೈಬರ್ ಹುಡುಗ ಡ್ರಿಲ್ ಹಿಡಿದು ಬರುವ ಮುಂಚೆ

ಮಂಡ್ಯದ ನಮ್ಮ ಮನೆಗೆ ಫೈಬರ್ ಇಂಟರ್ನೆಟ್ ಬಂದ ದಿನ ನಾನು ಮಾಡಿದ ತಪ್ಪು ಇಷ್ಟೇ. ‘ಸಾರ್, ಬಾಕ್ಸ್ ಎಲ್ಲಿಡೋಣ?’ ಅಂತ ಹುಡುಗ ಕೇಳಿದ. ‘ಎಲ್ಲಾದರೂ ಇಡಪ್ಪ’ ಅಂದೆ. ಅವನಿಗೆ ಹತ್ತಿರವಿದ್ದದ್ದು ಬೀದಿ ಕಡೆಯ ಕಿಟಕಿ. ಅಲ್ಲೇ ಟಿವಿ ಹಿಂದೆ, ಕಬ್ಬಿಣದ ಬೀರು ಪಕ್ಕ ಕೂರಿಸಿ ಹೋದ. ಹಜಾರದಲ್ಲಿ ನೆಟ್ ಓಡುತ್ತಿತ್ತು. ಹಿಂದಿನ ರೂಮಿನಲ್ಲಿ ಮಗಳ ಆನ್‌ಲೈನ್ ಕ್ಲಾಸ್ ಸುಮ್ನೆ ಸುತ್ತುತ್ತಿತ್ತು. ಮೂರು ತಿಂಗಳು ಕಂಪನಿಯವರನ್ನು ಬೈದುಕೊಂಡೆ. ತಪ್ಪು ನನ್ನದೇ.

ಹಾಗಾಗಿ ಪ್ಲಾನ್ ನೋಡುವ ಮೊದಲು ಜಾಗ ನೋಡಿ.

ಮೊದಲ ಕೆಲಸ: ಬಾಕ್ಸಿನ ಜಾಗ

ಕಂಬದಿಂದ ಮನೆವರೆಗೆ ಬರುವುದು ಕೂದಲೆಳೆಯಷ್ಟು ಸಣ್ಣ ಗಾಜಿನೊಳಗಿನ ಬೆಳಕು. ಆ ದಾರಿಯಲ್ಲಿ ಸ್ಪೀಡ್ ಹಾಗೆಲ್ಲ ಕಡಿಮೆಯಾಗುವುದಿಲ್ಲ. ಬಾಕ್ಸ್ ಅದನ್ನು ವೈಫೈ ಮಾಡಿ ಗಾಳಿಗೆ ಬಿಡುತ್ತದೆ ನೋಡಿ, ಸೋರಿಕೆ ಶುರುವಾಗುವುದು ಅಲ್ಲಿಂದ. ಇಟ್ಟಿಗೆ ಗೋಡೆ ಒಂದಿದ್ದರೆ ಪರವಾಗಿಲ್ಲ. ಕಾಂಕ್ರೀಟ್ ತಾರಸಿ, ಬೀರು, ಫ್ರಿಜ್, ದೊಡ್ಡ ಕನ್ನಡಿ ಅಡ್ಡ ಬಂದರೆ ಕಷ್ಟ. ಮೈಸೂರಿನ ಅಗ್ರಹಾರದ ಕಡೆ ಹಳೇ ಮನೆ ಇದ್ದವರು ಗೋಡೆಯ ದಪ್ಪವನ್ನೂ ಲೆಕ್ಕಕ್ಕೆ ಹಿಡಿಯಬೇಕು. ತೊಟ್ಟಿ ಮನೆಯವರು ಮಾತ್ರ ಅದೃಷ್ಟವಂತರು. ಪಡಸಾಲೆಯಲ್ಲಿ ತೊಟ್ಟಿಗೆ ಎದುರಾಗಿ ಬಾಕ್ಸ್ ಇಟ್ಟರೆ ಸುತ್ತಲಿನ ಕೋಣೆಗಳಿಗೆ ಸಲೀಸಾಗಿ ಹಂಚಿಕೆಯಾಗುತ್ತದೆ.

ಜಾಗ ಸರಿಯೋ ಇಲ್ಲವೋ ನೋಡಲು ಒಂದು ಸುಲಭ ಉಪಾಯ ಇದೆ. ಒಂದು ಫೋನಿನಲ್ಲಿ ಹಾಟ್‌ಸ್ಪಾಟ್ ಆನ್ ಮಾಡಿ, ನೀವು ಅಂದುಕೊಂಡ ಜಾಗದಲ್ಲಿ ಇಡಿ. ಇನ್ನೊಂದು ಫೋನನ್ನು ಅದಕ್ಕೆ ಸೇರಿಸಿ ಮನೆಯಿಡೀ ಸುತ್ತಾಡಿ. ಕಡ್ಡಿ ಎಲ್ಲಿ ಇಳಿಯುತ್ತದೋ ಅಲ್ಲೇ ನಾಳೆ ನಿಮ್ಮ ಜಗಳ. ಎದೆಯೆತ್ತರದ ಬಯಲು ಜಾಗ, ಹತ್ತಿರ ಪ್ಲಗ್ ಪಾಯಿಂಟ್, ಇಷ್ಟಿದ್ದರೆ ಸಾಕು. ಸಜ್ಜೆ ಮೇಲಿನ ಡಬ್ಬಗಳ ನಡುವೆ ಬೇಡ.

ಪ್ಲಾನ್

ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನಿಲ್ಲ. ಸಾಮಾನ್ಯ ಎಚ್‌ಡಿ ವಿಡಿಯೋಗೆ 5 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್ ಅಂತ ಸ್ಪೀಡಿನ ಅಳತೆ) ಆಸುಪಾಸು, 4ಕೆಗೆ 25ರವರೆಗೆ ಬೇಕು. ನಾಲ್ಕು ಜನರ ಮನೆಗೆ 50 ಅಥವಾ 100 ಧಾರಾಳ. 100 ಎಂಬಿಪಿಎಸ್ ಅಂದರೆ ಸೆಕೆಂಡಿಗೆ 100 ಎಂಬಿ ಇಳಿಯುತ್ತದೆ ಅಂತಲ್ಲ, ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಎಂಟರಿಂದ ಭಾಗಿಸಿ: 12.5 ಎಂಬಿ. ಜಾಹೀರಾತಿನ ದರಕ್ಕೆ 18% ಜಿಎಸ್‌ಟಿ ಬೇರೆ. 599 ಅಂದಿದ್ದು ಬಿಲ್ಲಿನಲ್ಲಿ 707 ಆಗುತ್ತದೆ.

ವೈರಿನ ದಾರಿ

ವೈರ್ ಎಳೆಯುವಾಗ ಪಕ್ಕದಲ್ಲೇ ನಿಲ್ಲಿ. ರಸ್ತೆ ದಾಟುವ ಕಡೆ ಜೋತು ಬೀಳದ ಹಾಗೆ ಎತ್ತರದಲ್ಲಿ ಬಿಗಿಯಲಿ. ನಮ್ಮಲ್ಲಿ ಕಬ್ಬು ಅರೆಯುವ ಕಾಲ ಬಂದರೆ ಇದು ಹುಡುಗಾಟದ ಮಾತಲ್ಲ. ಒಮ್ಮೆ ಕಬ್ಬು ತುಂಬಿದ ಟ್ರ್ಯಾಕ್ಟರ್ ನಮ್ಮ ಬೀದಿಯ ಮೂರು ಮನೆಯ ವೈರನ್ನು ಒಟ್ಟಿಗೆ ಎಳೆದುಕೊಂಡು ಹೋಯಿತು. ಡ್ರೈವರ್‌ಗೆ ಗೊತ್ತೇ ಆಗಲಿಲ್ಲ. ಗಾಜು ತುಂಡಾದರೆ ಕರೆಂಟ್ ವೈರಿನ ಹಾಗೆ ತಿರುಚಿ ಟೇಪ್ ಸುತ್ತಿದರೆ ಆಗದು. ಮಿಷಿನ್ ತಂದು ಕರಗಿಸಿ ಬೆಸೆಯಬೇಕು.

ಗೋಡೆಯ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಲಿ, ಮಳೆನೀರು ಒಳಗೆ ಹರಿಯುವುದಿಲ್ಲ. ಮೂಲೆಗಳಲ್ಲಿ ವೈರನ್ನು ಮಡಚಬಾರದು, ಬಳಸಿಕೊಂಡು ಬರಬೇಕು. ಮಡಚಿದ ಕಡೆ ಬೆಳಕು ಸೋರಿಹೋಗುತ್ತದೆ. ಮಿಕ್ಕ ವೈರನ್ನು ಊಟದ ತಟ್ಟೆಯಷ್ಟು ಅಗಲ ಸುತ್ತಿ ಬಿಡಲಿ. ಮುಂದೆ ಬಾಕ್ಸ್ ಜರುಗಿಸಬೇಕಾದರೆ ಅದೇ ಕೈ ಹಿಡಿಯುವುದು. ಬಿಚ್ಚಿದ ತುದಿಯೊಳಗೆ ಇಣುಕುವುದು ಬೇಡ, ಮಕ್ಕಳಿಗೂ ಹೇಳಿ. ಅದು ಕಣ್ಣಿಗೆ ಕಾಣದ ಲೇಸರ್.

ಹುಡುಗ ಹೊರಡುವ ಮುಂಚೆ

ಬೆಳಕು ಅಳೆಯುವ ಮೀಟರ್ ಇದೆಯಾ ಅಂತ ಕೇಳಿ. ಡಿಬಿಎಂ (ಬೆಳಕಿನ ಬಲದ ಅಳತೆ) ಲೆಕ್ಕದಲ್ಲಿ ಮೈನಸ್ 20ರ ಆಸುಪಾಸು ತೋರಿಸಿದರೆ ಒಳ್ಳೆಯದು. ಮೈನಸ್ 27 ಅಂದರೆ ಅಂಚಿನಲ್ಲಿದ್ದೀರಿ, ಜಾಯಿಂಟ್ ಮತ್ತೆ ಮಾಡಿಸಿ. ಲ್ಯಾಪ್‌ಟಾಪನ್ನು ಲ್ಯಾನ್ ವೈರಿನಿಂದಲೇ ಬಾಕ್ಸಿಗೆ ಸೇರಿಸಿ ಸ್ಪೀಡ್ ನೋಡಿ, ಆಮೇಲೆ ವೈಫೈಯಲ್ಲಿ. ವೈರಿನಲ್ಲಿ ಪೂರ್ತಿ ಬಂದು ವೈಫೈಯಲ್ಲಿ ಬರದಿದ್ದರೆ ಕಂಪನಿಯನ್ನು ಬೈದು ಪ್ರಯೋಜನ ಇಲ್ಲ. ವೈಫೈಯಲ್ಲೂ ಎರಡು ಬಗೆ: 2.4 ಗಿಗಾಹರ್ಟ್ಸ್ ನಿಧಾನ, ಆದರೆ ದೂರ ಹೋಗುತ್ತದೆ. 5 ಗಿಗಾಹರ್ಟ್ಸ್ ಜೋರು, ಗೋಡೆ ಕಂಡರೆ ಸುಸ್ತು. ಪಾಸ್‌ವರ್ಡ್ ಬದಲಿಸಿಯೇ ಕಳಿಸಿ. ಫೋನ್ ನಂಬರನ್ನೇ ಪಾಸ್‌ವರ್ಡ್ ಮಾಡಿದರೆ ಪಕ್ಕದ ಮನೆಯವರಿಗೆ ಕೊಟ್ಟಂತೆಯೇ ಅಲ್ವಾ?

ಕರೆಂಟ್ ಹೋದಾಗ

ಸಾಮಾನ್ಯವಾಗಿ ಕಂಬದ ಮೇಲೆ ಬೆಳಕನ್ನು ಮನೆಮನೆಗೆ ಹಂಚುವ ಡಬ್ಬಕ್ಕೆ ಕರೆಂಟೇ ಬೇಡ. ಆದ್ದರಿಂದ ಬೀದಿಯಲ್ಲಿ ಕರೆಂಟ್ ಇಲ್ಲದಿದ್ದರೂ, ಕಂಪನಿ ಕಡೆ ಬ್ಯಾಟರಿ ಇದ್ದರೆ ಲೈನ್ ಜೀವಂತ. ಬೇಕಿರುವುದು ನಿಮ್ಮ ಬಾಕ್ಸಿಗೆ ಒಂದು ಚಿಕ್ಕ ಯುಪಿಎಸ್. ಕೊಳ್ಳುವಾಗ ಬಾಕ್ಸಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿಕೊಂಡು ಹೋಗಿ. ಹೆಚ್ಚಿನವು 12 ವೋಲ್ಟ್.

ಕರೆಂಟ್ ಇದ್ದೂ ನೆಟ್ ಇಲ್ಲದಿದ್ದರೆ ಎಲ್‌ಓಎಸ್ ಅಂತ ಬರೆದಿರುವ ದೀಪ ನೋಡಿ. ಕೆಂಪಗೆ ಮಿಣುಕುತ್ತಿದ್ದರೆ ಬಾಕ್ಸಿಗೆ ಬೆಳಕೇ ಬರುತ್ತಿಲ್ಲ. ಆಫ್ ಆನ್ ಮಾಡಿ ಉಪಯೋಗವಿಲ್ಲ. ಬಾಕ್ಸಿಗೆ ಸಿಕ್ಕಿಸಿದ ಫೈಬರ್ ಸಡಿಲವಾಗಿದೆಯಾ ನೋಡಿ, ಇಲ್ಲವಾದರೆ ಕಂಪ್ಲೇಂಟ್ ಕೊಡುವಾಗ ‘ನೆಟ್ ಸ್ಲೋ’ ಅನ್ನಬೇಡಿ, ‘ಕೆಂಪು ದೀಪ’ ಅನ್ನಿ. ಆಗ ಬರುವ ಹುಡುಗ ಬೆಸೆಯುವ ಮಿಷಿನ್ ಜೊತೆಗೇ ಬರುತ್ತಾನೆ.